ಅಂಗೈ ಆಮೇಲೆ, ಮೊದಲು ಟೋಪಿ ನೋಡಿ

1944ರ ಲಂಡನ್, ಬ್ರಿಟಿಷ್ ಕರ್ನಲ್‌ನ ಕಚೇರಿ, ಒಳಗೆ ಬರುವ ಅಮೆರಿಕನ್ ಕ್ಯಾಪ್ಟನ್. ಸೆಲ್ಯೂಟ್ ಮಾಡುವಾಗ ಬ್ರಿಟಿಷನ ಅಂಗೈ ಹೊರಗೆ, ಅಮೆರಿಕನ್ನನದು ಕೆಳಗೆ, ಅಷ್ಟು ಹೇಳಿಕೊಟ್ಟರೆ ನಿಮ್ಮ ನಾಟಕಕ್ಕೆ ಸಾಕಲ್ಲವೇ ಅಂತ ಕೇಳಿದ್ದೀರಿ. ಸಾಲದು. ಹೆಚ್ಚುಕಡಿಮೆ ಇದೇ ದೃಶ್ಯಕ್ಕೆ ಡ್ರಿಲ್ ಹೇಳಿಕೊಟ್ಟವನು ನಾನು. ಅಂಗೈಗಳೆರಡೂ ಸರಿಯಾಗಿಯೇ ಇದ್ದವು, ಆದರೂ ದೃಶ್ಯ ಕೆಟ್ಟಿತು. ಮೇಜಿನ ಹಿಂದೆ ಕೂತಿದ್ದ ನಮ್ಮ ಕರ್ನಲ್ ಬರಿತಲೆಯಲ್ಲೇ ಎದ್ದು ಪಟ್ಟಂತ ಸೆಲ್ಯೂಟ್ ಹೊಡೆದ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಸುಬೇದಾರರೊಬ್ಬರು ನಕ್ಕಿದ್ದು ವಿಂಗ್‌ನಲ್ಲಿ ನಿಂತಿದ್ದ ನನಗೇ ಕಾಣಿಸಿತು.

ತಪ್ಪೇನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಬ್ರಿಟಿಷ್ ಸೇನೆಯಲ್ಲಿ ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ಕೈ ಎತ್ತುವುದೇ ಇಲ್ಲ. ಸೆಲ್ಯೂಟ್ ಹುಟ್ಟಿದ್ದೇ ಟೋಪಿಯಿಂದ. ದೊಡ್ಡವರ ಮುಂದೆ ಟೋಪಿ ತೆಗೆಯುವುದು ಹಳೆಯ ಮರ್ಯಾದೆ. 1745ರಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಯಲ್ಲಿ ಒಂದು ಆಜ್ಞೆ ಹೊರಟಿತು: ಅಧಿಕಾರಿ ಎದುರಾದರೆ ಟೋಪಿ ತೆಗೆಯಬೇಡಿ, ಕೈಯನ್ನು ಟೋಪಿಗೆ ತಾಗಿಸಿ ತಲೆಬಾಗಿ ಮುಂದೆ ಹೋಗಿ. ಹಾಗಾಗಿ ಕೈ ಹೋಗುವುದು ಟೋಪಿಗೆ, ಹಣೆಗಲ್ಲ. ಟೋಪಿಯೇ ಇಲ್ಲದ ಮೇಲೆ ಕೈಗೆ ಅಲ್ಲಿ ಕೆಲಸವಿಲ್ಲ. ಬರಿತಲೆಯಲ್ಲಿರುವ ಬ್ರಿಟಿಷ್ ಅಧಿಕಾರಿ ನಿಂತಿದ್ದರೆ ಸಾವಧಾನ್‌ಗೆ ಬರುತ್ತಾನೆ, ಕೂತಿದ್ದರೆ ಬೆನ್ನು ನೆಟ್ಟಗೆ ಮಾಡಿ ಒಂದು ಮಾತಾಡುತ್ತಾನೆ, ಮುಗಿಯಿತು. ರಾಯಲ್ ಹಾರ್ಸ್ ಗಾರ್ಡ್ಸ್ (ಈಗಿನ ಬ್ಲೂಸ್ ಅಂಡ್ ರಾಯಲ್ಸ್) ಅನ್ನುವ ಒಂದು ರೆಜಿಮೆಂಟ್‌ಗೆ ಮಾತ್ರ ಇದಕ್ಕೆ ವಿನಾಯಿತಿ ಇದೆ. 1760ರ ವಾರ್‌ಬರ್ಗ್ ಕದನದಲ್ಲಿ ಅವರ ದಂಡನಾಯಕ ಮಾರ್ಕ್ವಿಸ್ ಆಫ್ ಗ್ರಾನ್‌ಬಿಯ ಟೋಪಿ, ವಿಗ್ ಎರಡೂ ಹಾರಿಹೋಗಿ ಬೋಳು ತಲೆಯಲ್ಲೇ ನುಗ್ಗಿದನಂತೆ, ಅದರ ನೆನಪಿಗೆ. ನಿಮ್ಮ ಕರ್ನಲ್ ಆ ರೆಜಿಮೆಂಟಿನವನಲ್ಲ ಅಂದುಕೊಂಡಿದ್ದೇನೆ.

ಅಮೆರಿಕನ್ ಸೇನೆಯಲ್ಲಿ ಇದು ಉಲ್ಟಾ. ಒಳಗೆ ರಿಪೋರ್ಟ್ ಮಾಡಲು ಬರುವವನು ಆಯುಧ ಹೊತ್ತಿಲ್ಲದಿದ್ದರೆ ಬಾಗಿಲಲ್ಲೇ ಟೋಪಿ ತೆಗೆಯುತ್ತಾನೆ. ಮೇಜಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಬರಿತಲೆಯಲ್ಲೇ ಸೆಲ್ಯೂಟ್ ಮಾಡಿ ಹೆಸರು ಹೇಳುತ್ತಾನೆ. ಮೇಲಧಿಕಾರಿ ಮರಳಿಸುವ ತನಕ ಕೈ ಇಳಿಸುವುದಿಲ್ಲ. (ಅಮೆರಿಕನ್ ನೌಕಾಪಡೆ, ಮರೀನ್ ಪಡೆಯವರಾದರೆ ಬರಿತಲೆಯಲ್ಲಿ ಸಾಮಾನ್ಯವಾಗಿ ಸೆಲ್ಯೂಟ್ ಮಾಡುವುದಿಲ್ಲ. ಅಂದರೆ 'ಅಮೆರಿಕನ್' ಅಂದರಷ್ಟೇ ಸಾಲದು, ಯಾವ ಪಡೆ ಅನ್ನುವುದನ್ನು ಸ್ಕ್ರಿಪ್ಟ್‌ನಲ್ಲಿ ಮೊದಲು ಬರೆದುಕೊಳ್ಳಿ.)

ಈಗ ನಿಮ್ಮ ದೃಶ್ಯ ನೋಡಿ. ಕ್ಯಾಪ್ಟನ್ ಟೋಪಿ ತೆಗೆದು ಎಡಗೈಯಲ್ಲಿ ಹಿಡಿದು ಕೈ ಎತ್ತಿ ನಿಂತಿದ್ದಾನೆ, ಕಾಯುತ್ತಿದ್ದಾನೆ. ಕರ್ನಲ್ ಟೋಪಿ ಗೂಟದ ಮೇಲಿದೆ, ಅವನು ಕೈ ಎತ್ತುವಂತಿಲ್ಲ. ಎರಡು ಕ್ಷಣದ ಪೇಚು. ಕರ್ನಲ್ ತಲೆಯಾಡಿಸಿ 'ಕ್ಯಾಪ್ಟನ್' ಅನ್ನಲಿ, ಅದೇ ಕೈ ಇಳಿಸಲು ಕ್ಯೂ. ಇಬ್ಬರ ಸೆಲ್ಯೂಟನ್ನೂ ಒಂದೇ ಥರ ಮಾಡಿಸಿಬಿಟ್ಟರೆ ಪ್ರೇಕ್ಷಕರಿಗೆ ಗೊಂದಲ ಇರಲ್ಲ ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. ಆ ಪೇಚಿನಲ್ಲೇ ನಾಟಕ ಇರುವುದು.

ಇನ್ನು ಕೈ. ಬ್ರಿಟಿಷ್ ಸೇನೆಯ ಸೂತ್ರ: ಮೇಲೆ ಹೋಗುವಾಗ ಉದ್ದದ ದಾರಿ, ಕೆಳಗೆ ಬರುವಾಗ ಹತ್ತಿರದ ದಾರಿ. ಬಲಗೈಯನ್ನು ನೇರವಾಗಿ ಪಕ್ಕಕ್ಕೆ, ಭುಜದ ಮಟ್ಟಕ್ಕೆ ಎತ್ತಿ, ಆಮೇಲೆ ಮೊಣಕೈ ಮಡಿಸಿ ಬೆರಳ ತುದಿಯನ್ನು ಬಲಗಣ್ಣಿನ ಮೇಲೆ ಸುಮಾರು ಒಂದು ಇಂಚಿಗೆ ತರಬೇಕು. ಅಂಗೈ ಪೂರ್ತಿ ಎದುರಿನವರಿಗೆ ಕಾಣಬೇಕು, ಹೆಬ್ಬೆರಳು ಅಂಟಿಕೊಂಡಿರಬೇಕು. 'ಅಪ್, ಟೂ, ತ್ರೀ, ಡೌನ್', ಲೆಕ್ಕಕ್ಕೆ ಏರಿ ಲೆಕ್ಕಕ್ಕೇ ಇಳಿಯುತ್ತದೆ. ಹೊಸಬರು ಮಾಡುವ ತಪ್ಪು ಎರಡು: ಮೊಣಕೈ ಮುಂದಕ್ಕೆ ಜಾರುತ್ತದೆ, ಕೈ ತಲೆಗೆ ಹೋಗುವ ಬದಲು ತಲೆಯೇ ಕೈಯತ್ತ ವಾಲುತ್ತದೆ. ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿ ಅಭ್ಯಾಸ ಮಾಡಿಸಿ. ತೋಳು ಗೋಡೆಯನ್ನು ಸವರುತ್ತಲೇ ಮೇಲೇರಿದರೆ ಸರಿ ಇದೆ ಅಂತ ಅರ್ಥ.

ಅಮೆರಿಕನ್ ಕೈಗೆ ಎರಡೂ ಕಡೆ ಹತ್ತಿರದ ದಾರಿಯೇ. ಮೇಲ್ತೋಳು ನೆಲಕ್ಕೆ ಸಮಾನಾಂತರ, ಮುಂಗೈ ಸುಮಾರು 45 ಡಿಗ್ರಿ ಓರೆ, ಮಣಿಕಟ್ಟು ನೇರ, ಅಂಗೈ ಕೆಳಗೆ. ತೋರುಬೆರಳ ತುದಿ ಟೋಪಿಯ ಅಂಚಿಗೆ, ಟೋಪಿ ಇಲ್ಲದಿದ್ದರೆ ಹುಬ್ಬಿನ ಬಲತುದಿಗೆ. ಕನ್ನಡಿ ಮುಂದೆ ನಿಲ್ಲಿಸಿ. ಅಂಗೈ ಕಂಡರೆ ತಪ್ಪು. ಇಳಿಸುವಾಗ ಕೈಯನ್ನು ಮುಂದಕ್ಕೆ ಝಾಡಿಸುವುದು ಸಿನಿಮಾ ಚಾಳಿ, ಬಿಡಿಸಿ.

ನಿಮ್ಮ ಕರ್ನಲ್ಲನ್ನು ನೌಕಾಪಡೆಯವನನ್ನಾಗಿ ಬದಲಿಸಿದರೆ ಈ ಅಂಗೈ ಲೆಕ್ಕವೂ ಕೆಡುತ್ತದೆ. ರಾಯಲ್ ನೇವಿಯ ಅಂಗೈಯೂ ಕೆಳಮುಖವೇ. ಹಗ್ಗದ ಟಾರು ಮೆತ್ತಿದ ಕೈ ಕಾಣದಿರಲಿ ಅಂತ ಹಾಗಾಯಿತು ಎಂದು ಹೇಳುವುದುಂಟು.

ಎನ್‌ಸಿಸಿ ಹುಡುಗರನ್ನು ಹಾಕಿಕೊಳ್ಳಲೇ ಅಂದಿರಿ. ಬ್ರಿಟಿಷ್ ಪಾತ್ರಕ್ಕೆ ಕಣ್ಣು ಮುಚ್ಚಿ ಹಾಕಿ, ನಮ್ಮ ಭೂಸೇನೆಯ ಸೆಲ್ಯೂಟ್ ಅಲ್ಲಿಂದಲೇ ಬಂದದ್ದು, ಅಂಗೈ ಮುಂದೆಯೇ. ಆದರೆ ಏರ್ ವಿಂಗ್ ಹುಡುಗನನ್ನು ಆರಿಸುವಾಗ ಎಚ್ಚರ: ನಮ್ಮ ವಾಯುಪಡೆ 2006ರಲ್ಲಿ ಅಂಗೈಯನ್ನು 45 ಡಿಗ್ರಿ ಓರೆಗೆ ಬದಲಿಸಿತು. ಅಮೆರಿಕನ್ ಪಾತ್ರಕ್ಕಂತೂ ಎನ್‌ಸಿಸಿ ಹುಡುಗ ಬೇಡವೇ ಬೇಡ. ಕೈಯನ್ನು ಒಂದು ವಾರದಲ್ಲಿ ತಿದ್ದಬಹುದು, ಕಾಲನ್ನು ತಿದ್ದಲಾಗುವುದಿಲ್ಲ. 'ಥಮ್' (ನಿಲ್ಲು) ಅಂದ ತಕ್ಷಣ ಮಂಡಿ ಎತ್ತಿ ಧಪ್ಪಂತ ಇಳಿಸುತ್ತಾನೆ. ಅದು ಬ್ರಿಟಿಷ್ ಚಾಳಿ. ಅಮೆರಿಕನ್ನರು ಕಾಲು ಅಪ್ಪಳಿಸುವುದಿಲ್ಲ, ಹಿಮ್ಮಡಿ ಸದ್ದಿಲ್ಲದೆ ಕೂಡುತ್ತದೆ. ಹಿಂದೆ ತಿರುಗುವಾಗಲೂ ಬಲಗಾಲ ತುದಿಯನ್ನು ಎಡ ಹಿಮ್ಮಡಿಯ ಹಿಂದಿಟ್ಟು ಗಿರ್ರನೆ ತಿರುಗುತ್ತಾರೆ. ನಡಿಗೆಯಲ್ಲಿ ಬ್ರಿಟಿಷ್ ತೋಳು ಭುಜದೆತ್ತರಕ್ಕೆ ಬೀಸುತ್ತದೆ. ಅಮೆರಿಕನ್ ತೋಳು ಈಗಿನ ಕೈಪಿಡಿಯ ಪ್ರಕಾರ ಮುಂದೆ 9 ಇಂಚು, ಹಿಂದೆ 6 ಇಂಚು, ಅಷ್ಟೇ. ಕಣ್ಣು ಮುಚ್ಚಿ ಕೂತ ಪ್ರೇಕ್ಷಕನಿಗೂ ಬಂದವನು ಯಾರೆಂದು ಬೂಟಿನ ಸದ್ದಲ್ಲೇ ಗೊತ್ತಾಗಬೇಕು. ಮರದ ರಂಗವಾದರೆ ನೆಲದ ಮೈಕನ್ನು ಆ ಜಾಗದಿಂದ ದೂರ ಇಡಿ, ಇಲ್ಲದಿದ್ದರೆ ಮುಂದಿನ ಡೈಲಾಗ್ ಕೇಳಿಸುವುದಿಲ್ಲ.

ಸಣ್ಣದೊಂದು ಉಳಿಯಿತು. ವಾರಂಟ್ ಆಫೀಸರ್ (ಸಿಪಾಯಿಗಳಿಗೂ ಅಧಿಕಾರಿಗಳಿಗೂ ನಡುವಿನ ದರ್ಜೆ) ಪಾತ್ರ ಇದ್ದರೆ: ಅಮೆರಿಕದಲ್ಲಿ ಅವನಿಗೆ ಸೆಲ್ಯೂಟ್ ಇದೆ, ಬ್ರಿಟನ್ನಿನಲ್ಲಿ ಇಲ್ಲ. ಬ್ರಿಟಿಷ್ ರೆಜಿಮೆಂಟಲ್ ಸಾರ್ಜೆಂಟ್ ಮೇಜರ್‌ಗೆ ಸಿಪಾಯಿಗಳು 'ಸರ್' ಅನ್ನುತ್ತಾರೆ, ಅಧಿಕಾರಿಗಳು 'ಮಿಸ್ಟರ್' ಸೇರಿಸಿ ಕರೆಯುತ್ತಾರೆ, ಕೈ ಮಾತ್ರ ಯಾರೂ ಎತ್ತುವುದಿಲ್ಲ.

ಕೊನೆಯ ದೃಶ್ಯದಲ್ಲಿ ಕರ್ನಲ್ ಸೆಲ್ಯೂಟ್ ಮಾಡಲೇಬೇಕು ಅಂತಿದ್ದರೆ ಅವನು ಎದ್ದು ಗೂಟದಿಂದ ಟೋಪಿ ತೆಗೆದು, ತಲೆಗಿಟ್ಟು, ಅಂಚು ಸರಿಮಾಡಿಕೊಂಡು, ಆಮೇಲೆ ಕೈ ಎತ್ತಲಿ. ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ. ಅಲ್ಲಿವರೆಗೆ ಲೈಟ್ ಆರಿಸಬೇಡ ಅಂತ ಲೈಟ್‌ನವನಿಗೆ ಮೊದಲೇ ಹೇಳಿಡಿ.