ಫೈಬ್ರಾಯ್ಡ್ ಗಡ್ಡೆ ಇದ್ದರೆ ಗರ್ಭಕೋಶ ತೆಗೆಸಲೇಬೇಕೆ?

ಸಿಂಧನೂರಿನ ನಿಮ್ಮ ಅಕ್ಕನಿಗೆ 42 ವರ್ಷ, ಸ್ಕ್ಯಾನಿಂಗಿನಲ್ಲಿ 4 ಸೆಂ.ಮೀ. ಗಡ್ಡೆ ಕಂಡಿದೆ, ಗರ್ಭಕೋಶ ತೆಗೆಸಿ ಅಂದಿದ್ದಾರೆ ಎಂದು ಬರೆದಿದ್ದೀರಿ. ತೆಗೆಸಲೇಬೇಕೆಂದಿಲ್ಲ, ಅವಸರ ಬೇಡ. ತೊಂದರೆ ಕೊಡದ ಫೈಬ್ರಾಯ್ಡಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. ಇದು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಂಟು. ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ಹೆಣ್ಣಿನ ಹಾರ್ಮೋನುಗಳಿಂದಲೇ ಇದರ ಬೆಳವಣಿಗೆ, ಹಾಗಾಗಿ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ಗಾತ್ರಕ್ಕಿಂತ ಜಾಗ ಮುಖ್ಯ. ಒಳಪದರದತ್ತ ಚಾಚಿದ 2 ಸೆಂ.ಮೀ. ಗಂಟೂ ವಿಪರೀತ ರಕ್ತಸ್ರಾವ ತರಬಹುದು, ಹೊರಮೈಯಲ್ಲಿರುವ ದೊಡ್ಡದು ಸುಮ್ಮನೆ ಇದ್ದುಬಿಡಬಹುದು. ಗಡ್ಡೆ ಎಲ್ಲಿದೆ ಎಂದು ಮೊದಲು ಕೇಳಿ.

ಸ್ರಾವ ಹೆಚ್ಚಿದ್ದರೆ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ. ಮುಟ್ಟಿನ ದಿನಗಳಲ್ಲಷ್ಟೇ ವೈದ್ಯರ ಸಲಹೆಯಂತೆ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಇಲ್ಲವೇ ಕಾಪರ್-ಟಿಯಂತೆ ಒಳಗೆ ಕೂರಿಸುವ ಹಾರ್ಮೋನ್ ಸಾಧನ ಸ್ರಾವ ತಗ್ಗಿಸುತ್ತವೆ, ಗಡ್ಡೆಯನ್ನು ಕರಗಿಸುವುದಿಲ್ಲ. ಮಗು ಬೇಕೆನ್ನುವವರಿಗೆ ಗಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿ ಇದೆ, ಆದರೆ ಹೊಸ ಗಡ್ಡೆ ಬರಬಹುದು. ಇವು ಯಾವುವೂ ಸಾಲದಾಗ ಗರ್ಭಕೋಶ ತೆಗೆಯುವ ಮಾತು. ಆಗಲೂ ಅಂಡಾಶಯ ಉಳಿಸುತ್ತಾರೆಯೇ ಎಂದು ಕೇಳಲೇಬೇಕು. ಒಪ್ಪಿಗೆಗೆ ಸಹಿ ಹಾಕುವ ಮುನ್ನ ರಿಪೋರ್ಟ್ ಹಿಡಿದು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ನ ಸ್ತ್ರೀರೋಗ ವಿಭಾಗದಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಿರಿ.