ಸ್ಟೆಲ್ತ್ ಯುದ್ಧವಿಮಾನ ರೇಡಾರ್‌ಗೆ ಕಾಣುವುದೇ ಇಲ್ವಾ?

ಕಾಣುತ್ತದೆ. ಆದರೆ ತಡವಾಗಿ, ಜಾಸ್ತಿ ಹತ್ತಿರ ಬಂದ ಮೇಲೆ. ಸ್ಟೆಲ್ತ್ ಅಂದರೆ ಮಾಯವಾಗುವುದಲ್ಲ, ರೇಡಾರ್‌ಗೆ ಸುಲಭವಾಗಿ ಸಿಗದಂತೆ ಮಾಡುವುದು.

ಲೆಕ್ಕ ನೋಡಿ. ವಿಮಾನ ರೇಡಾರ್ ಕಡೆಗೆ ಹಿಂದಿರುಗಿಸುವ ಪ್ರತಿಫಲನವನ್ನು 16 ಪಟ್ಟು ತಗ್ಗಿಸಿದರೂ, ಅದು ಪತ್ತೆಯಾಗುವ ದೂರ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಆ ದೂರವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಬೇಕಾದರೆ 10,000 ಪಟ್ಟು ತಗ್ಗಿಸಬೇಕು! ಆಕಾರ, ಬಣ್ಣ, ಬಾಗಿಲಿನ ಸಂದು, ಎಲ್ಲದಕ್ಕೂ ಅಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಇನ್ನೊಂದು ವಿಷಯ ರೇಡಾರ್ ಕಳಿಸುವ ರೇಡಿಯೊ ಅಲೆಯ ಉದ್ದ. ಕ್ಷಿಪಣಿಗೆ ಗುರಿ ತೋರಿಸುವ ರೇಡಾರ್‌ಗಳ ಅಲೆ ಕೆಲವೇ ಸೆಂಟಿಮೀಟರ್. ಸ್ಟೆಲ್ತ್ ಆಕಾರ ಮುಖ್ಯವಾಗಿ ಅವುಗಳಿಗೇ ಲೆಕ್ಕ ಹಾಕಿದ್ದು. ಸುಮಾರು 2 ಮೀಟರ್ ಉದ್ದದ ಅಲೆಯ ಹಳೆಯ ರೇಡಾರ್ ಎದುರು ಆ ಜಾಣತನ ಅಷ್ಟಾಗಿ ನಡೆಯುವುದಿಲ್ಲ. ಯುಗೊಸ್ಲಾವಿಯಾದ ಮೇಲೆ ನ್ಯಾಟೊ ದೇಶಗಳು ಯುದ್ಧ ನಡೆಸುತ್ತಿದ್ದಾಗ, 1999ರ ಮಾರ್ಚ್ 27ರ ರಾತ್ರಿ ಸರ್ಬಿಯಾದಲ್ಲಿ ಆಗಿದ್ದು ಅದೇ. ಅಲ್ಲಿನ ಸೇನಾಧಿಕಾರಿ ಝೋಲ್ಟನ್ ಡಾನಿಯವರ ಕ್ಷಿಪಣಿ ದಳ ಹಳೇ ಪಿ-18 ರೇಡಾರ್‌ನಿಂದ ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117 ಬರುವುದನ್ನು ಗುರುತಿಸಿತು. ಗುರಿ ಹಿಡಿಯುವ ರೇಡಾರನ್ನು ಕೆಲವೇ ಸೆಕೆಂಡು ಹಚ್ಚಿ, ಎಸ್-125 ಕ್ಷಿಪಣಿಯಿಂದ ಹೊಡೆದುರುಳಿಸಿತು. ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಅವಶೇಷ ಇವತ್ತಿಗೂ ಬೆಲ್‌ಗ್ರೇಡ್‌ನ ಮ್ಯೂಸಿಯಮ್ಮಿನಲ್ಲಿದೆ.

ಹಾಗಂತ ಸ್ಟೆಲ್ತ್ ಸುಳ್ಳು ಅನ್ನುವುದು ತಪ್ಪು. ಆ ಇಡೀ ಯುದ್ಧದಲ್ಲಿ ಯುಗೊಸ್ಲಾವಿಯಾದವರು ಉರುಳಿಸಿದ ಸ್ಟೆಲ್ತ್ ವಿಮಾನ ಅದೊಂದೇ.

"ನಮ್ಮ ರೇಡಾರ್ ಎಫ್-35 ಹಿಡಿಯಿತು" ಅನ್ನುವ ಸುದ್ದಿಗಳನ್ನೂ ಸುಮ್ನೆ ನಂಬಬೇಡಿ. ಶಾಂತಿಕಾಲದಲ್ಲಿ ಇಂಥ ಸ್ಟೆಲ್ತ್ ವಿಮಾನಗಳ ಮೈಗೆ ಹೆಚ್ಚಾಗಿ ಲ್ಯೂನ್‌ಬರ್ಗ್ ಲೆನ್ಸ್ ಎಂಬ ಸಣ್ಣ ಗುಬಟು ಸಿಕ್ಕಿಸಿರುತ್ತಾರೆ. ರೇಡಾರ್‌ಗೆ ಚೆನ್ನಾಗಿ ಕಾಣಲಿ ಅಂತಲೇ!