ಕರುಳೇ ನಿಧಾನವಾದಾಗ ಇಸಬ್‌ಗೋಲ್ ಮದ್ದಲ್ಲ

ಪ್ರಶ್ನೆ: ನನ್ನ ತಾಯಿಗೆ 52 ವರ್ಷ. ಆರು ವರ್ಷಗಳ ಹಿಂದೆ ಚರ್ಮವನ್ನು ಗಡುಸಾಗಿಸುವ ಸ್ಕ್ಲೀರೋಡರ್ಮಾ ಕಾಯಿಲೆ ಇರುವುದು ಗೊತ್ತಾಯಿತು. ಬೆರಳುಗಳ ಚರ್ಮ ಬಿಗಿದುಕೊಂಡಿದೆ, ತಣ್ಣೀರು ಮುಟ್ಟಿದರೆ ಬೆರಳು ಬಿಳುಚಿ ನೀಲಿಗಟ್ಟುತ್ತವೆ. ಬೆರಳುಗಳ ರಕ್ತನಾಳ ಹಿಗ್ಗಿಸಲು ನಿಫೆಡಿಪಿನ್, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಮೈಕೋಫಿನೊಲೇಟ್ ಮತ್ತು ಎದೆಯುರಿಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದಾರೆ. ಒಂದು ವರ್ಷದಿಂದ ಹೊಟ್ಟೆಯದೇ ತೊಂದರೆ. ನಾಲ್ಕೈದು ದಿನ ಮಲವಿಸರ್ಜನೆಯೇ ಆಗುವುದಿಲ್ಲ, ಆಮೇಲೆ ಎರಡು ದಿನ ನೀರಿನಂಥ ಭೇದಿ. ಸಂಜೆಯ ಹೊತ್ತಿಗೆ ಲಂಗದ ಲಾಡಿ ಸಡಿಲಿಸಿಕೊಳ್ಳಬೇಕಾಗುವಷ್ಟು ಉಬ್ಬರ. ತೂಕ 54 ಕೆ.ಜಿ.ಯಿಂದ 47ಕ್ಕೆ ಇಳಿದಿದೆ. ರಾತ್ರಿ ಇಸಬ್‌ಗೋಲ್ ಕೊಡುತ್ತಿದ್ದೇವೆ, ಸೊಪ್ಪು ಹೆಚ್ಚಿಸಿದ್ದೇವೆ; ಉಬ್ಬರ ಹೆಚ್ಚಿದೆಯೇ ಹೊರತು ಇಳಿದಿಲ್ಲ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ನಾರ್ಮಲ್. ‘ಗ್ಯಾಸ್ ಅಷ್ಟೇ’ ಎಂದರು. ನಿಜವೇ?
— ಓದುಗರೊಬ್ಬರು, ಹಾಸನ

ಉತ್ತರ: ತಾಯಿಯವರನ್ನು ಪರೀಕ್ಷಿಸದೆ ಇದೇ ಕಾಯಿಲೆ ಎಂದು ನಾನು ಹೇಳಲಾರೆ. ಆದರೆ ನೀವು ಬರೆದಿರುವುದನ್ನು ಓದಿದರೆ ‘ಗ್ಯಾಸ್ ಅಷ್ಟೇ’ ಎಂಬ ಮಾತನ್ನು ಒಪ್ಪಲು ಮನಸ್ಸಾಗುವುದಿಲ್ಲ. ಸ್ಕ್ಲೀರೋಡರ್ಮಾ ಚರ್ಮದ ಕಾಯಿಲೆ ಮಾತ್ರವಲ್ಲ. ಅದು ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಜೀರ್ಣಾಂಗದ ಒಂದಲ್ಲ ಒಂದು ಭಾಗ ಕೆಡುತ್ತದೆ. ಅನ್ನನಾಳ ಮೊದಲು, ಕರುಳು ಆಮೇಲೆ. ಎಂಡೋಸ್ಕೋಪಿಯಲ್ಲಿ ಕಾಣುವುದು ಒಳಪದರ. ಇಲ್ಲಿ ಕೆಡುವುದು ಅದರ ಹಿಂದಿರುವ ಸ್ನಾಯು ಮತ್ತು ನರ. ಮೋಟಾರು ಸುಟ್ಟ ಹಿಟ್ಟಿನ ಗಿರಣಿಯೊಳಗೆ ಟಾರ್ಚು ಬಿಟ್ಟು ನೋಡಿದರೆ ಕಲ್ಲು ಚೆನ್ನಾಗಿಯೇ ಕಾಣುತ್ತದೆ.

ಆರೋಗ್ಯವಂತರಲ್ಲಿ ಊಟಗಳ ನಡುವಿನ ಬಿಡುವಿನಲ್ಲಿ, ಹೆಚ್ಚು ಕಡಿಮೆ ಒಂದೂವರೆ ಗಂಟೆಗೊಮ್ಮೆ, ಸಣ್ಣ ಕರುಳಿನುದ್ದಕ್ಕೂ ಒಂದು ಅಲೆ ಹಾದು ಉಳಿಕೆಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಸ್ಕ್ಲೀರೋಡರ್ಮಾದಲ್ಲಿ ಈ ಗುಡಿಸುವ ಕೆಲಸ ಕುಂದುತ್ತದೆ. ನಿಂತ ಆಹಾರದಲ್ಲಿ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದು ಅದನ್ನು ಹುಳಿಸಿ ಗಾಳಿಯೆಬ್ಬಿಸುತ್ತವೆ, ಪಿತ್ತಲವಣಗಳನ್ನು ಒಡೆದು ಜಿಡ್ಡು ಜೀರ್ಣವಾಗದಂತೆ ಮಾಡುತ್ತವೆ, ಬಿ12 ವಿಟಮಿನ್ನನ್ನು ತಾವೇ ತಿನ್ನುತ್ತವೆ, ಫೋಲೇಟ್ ಎಂಬ ಇನ್ನೊಂದು ವಿಟಮಿನ್ನನ್ನು ತಾವೇ ತಯಾರಿಸುತ್ತವೆ. ಆದ್ದರಿಂದ ರಕ್ತದಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದರೆ ಅದು ಈ ಬ್ಯಾಕ್ಟೀರಿಯಾಗಳ ಕಡೆಗೇ ಬೊಟ್ಟು ಮಾಡುತ್ತದೆ.

ಇನ್ನು ಇಸಬ್‌ಗೋಲ್. ಇದನ್ನು ಮೊದಲು ನಿಲ್ಲಿಸಿ. ಅದು ನೀರು ಕುಡಿದು ಉಬ್ಬಿ ಕೆಲಸ ಮಾಡುವ ವಸ್ತು. ಉಬ್ಬಿದ್ದನ್ನು ಮುಂದಕ್ಕೆ ತಳ್ಳುವ ಶಕ್ತಿ ಕರುಳಿಗಿದ್ದರೆ ಮಾತ್ರ ಅದರಿಂದ ಉಪಯೋಗ. ಬೇರೆಯವರ ಮಲಬದ್ಧತೆಗೆ ಕೊಡುವ ಸಲಹೆಯನ್ನೇ ಇವರಿಗೂ ಕೊಡುವುದು ನಮ್ಮಲ್ಲಿ ತೀರ ಸಾಮಾನ್ಯವಾದ ತಪ್ಪು, ವೈದ್ಯರೂ ಇದಕ್ಕೆ ಹೊರತಲ್ಲ. ಬದಲಿಗೆ ಮಲ ಮೆತ್ತಗಾಗಿಸಲು ನೀರಿನಲ್ಲಿ ಕರಗಿಸಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯ ಬಗ್ಗೆ ವೈದ್ಯರನ್ನು ಕೇಳಿ. ಭೇದಿಯಾದ ದಿನ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನುಂಗಿಸಬೇಡಿ. ಗಟ್ಟಿ ಮಲ ಒಳಗೇ ಕಟ್ಟಿಕೊಂಡು ಅದರ ಪಕ್ಕದಿಂದ ನೀರು ಸೋರುತ್ತಿರಬಹುದು. ಇದು ಹೊಟ್ಟೆಯ ಒಂದು ಎಕ್ಸ್‌ರೇಯಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ.

ಬ್ಯಾಕ್ಟೀರಿಯಾ ಹೆಚ್ಚಿದೆಯೇ ಎಂದು ತಿಳಿಯಲು ಉಸಿರಿನ ಪರೀಕ್ಷೆಯಿದೆ. ಬರಿಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ, ಎರಡು ಮೂರು ಗಂಟೆಗಳವರೆಗೆ ಆಗಾಗ ಉಸಿರು ಊದಿಸಿ, ಅದರಲ್ಲಿ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಹೈಡ್ರೋಜನ್ ಅನಿಲವನ್ನು ಅಳೆಯುತ್ತಾರೆ. ಈ ಸೌಲಭ್ಯವಿಲ್ಲದ ಕಡೆ ರಿಫಾಕ್ಸಿಮಿನ್‌ನಂಥ ಆಂಟಿಬಯೋಟಿಕ್ಕನ್ನು ಹತ್ತು ಹದಿನಾಲ್ಕು ದಿನ ಕೊಟ್ಟು ನೋಡುವುದೂ ಒಪ್ಪಿತ ಪದ್ಧತಿಯೇ. ಉಬ್ಬರ ಇಳಿದರೂ ಕೆಲವು ತಿಂಗಳಲ್ಲಿ ಮರುಕಳಿಸುವುದುಂಟು. ಆಗ ಬೇರೆ ಬೇರೆ ಆಂಟಿಬಯೋಟಿಕ್‌ಗಳನ್ನು ಸರದಿಯಂತೆ ಕೊಡುತ್ತಾರೆ. ಅವುಗಳಲ್ಲೊಂದಾದ ಮೆಟ್ರೊನಿಡಜೋಲ್ ಬಹುಕಾಲ ನಡೆದರೆ ಪಾದದಲ್ಲಿ ಜೋಮು ಹಿಡಿಯಬಹುದು, ಅದನ್ನು ಸ್ಕ್ಲೀರೋಡರ್ಮಾದ ತಲೆಗೆ ಕಟ್ಟಬೇಡಿ. ಕರುಳಿನ ಚಲನೆ ಹೆಚ್ಚಿಸಲು ಪ್ರುಕಲೋಪ್ರೈಡ್ ಇದೆ. ಅದು ಸಾಲದಿದ್ದಾಗ ರಾತ್ರಿ ಸಣ್ಣ ಪ್ರಮಾಣದ ಆಕ್ಟ್ರಿಯೊಟೈಡ್ ಚುಚ್ಚುಮದ್ದೂ ಕೆಲವರಿಗೆ ನೆರವಾಗುತ್ತದೆ.

ಈಗಿನ ಮಾತ್ರೆಗಳನ್ನೂ ಒಮ್ಮೆ ನೋಡಬೇಕು. ನಿಫೆಡಿಪಿನ್ ಎದೆಯುರಿಯನ್ನೂ ಮಲಬದ್ಧತೆಯನ್ನೂ ಹೆಚ್ಚಿಸಬಲ್ಲದು. ಮೈಕೋಫಿನೊಲೇಟ್‌ನಿಂದ ಭೇದಿಯಾಗಬಹುದು. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸಿ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುತ್ತದೆಯಾದರೂ ಅನ್ನನಾಳ ಉಳಿಯಲು ಅದು ಬೇಕು. ಈ ಮಾತ್ರೆಗಳಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸದೆ ಪಟ್ಟಿಯನ್ನು ರುಮಟಾಲಜಿಸ್ಟ್ (ಇಂಥ ಕಾಯಿಲೆಗಳ ತಜ್ಞ ವೈದ್ಯರು) ಮುಂದೆ ಇಡಿ. ಹೊಟ್ಟೆಗೆಂದು ಯಾರಾದರೂ ಸ್ಟಿರಾಯ್ಡ್ ಬರೆದರೆ ಮಾತ್ರ ತಪ್ಪದೆ ಪ್ರಶ್ನಿಸಿ. ದಿನಕ್ಕೆ 15 ಮಿ.ಗ್ರಾಂ.ಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಈ ಕಾಯಿಲೆಯಲ್ಲಿ ಬಿ.ಪಿ. ಏರಿಸಿ ಮೂತ್ರಪಿಂಡಕ್ಕೇ ಸಂಚಕಾರ ತರಬಹುದು.

ಏಳು ಕಿಲೋ ಇಳಿದಿರುವವರಿಗೆ ಪಥ್ಯದ ಹೆಸರಿನಲ್ಲಿ ಊಟ ಕಡಿಮೆ ಮಾಡಬಾರದು. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ: ಮೆತ್ತಗೆ ಬೆಂದ ಅನ್ನ, ತೆಳು ಹೆಸರುಬೇಳೆ ತೊವ್ವೆ, ಸೋಸಿದ ರಾಗಿ ಗಂಜಿ, ಒಗ್ಗುವುದಾದರೆ ಮೊಟ್ಟೆ. ಹುರುಳಿ, ಅವರೆಕಾಳು, ಹಸಿ ಈರುಳ್ಳಿ ಸದ್ಯಕ್ಕೆ ಬೇಡ. ಹಾಸನದವರಿಗೆ ಅವರೆಕಾಳು ಬಿಡಿ ಎನ್ನುವುದು ಕಷ್ಟದ ಮಾತೇ.

ಇನ್ನೊಂದು ವಿಷಯವನ್ನು ತಾಯಿಯವರನ್ನು ಒಬ್ಬರೇ ಇದ್ದಾಗ ಕೇಳಿ. ಮದುವೆ ಮನೆಗೆ, ಬಸ್ ಪ್ರಯಾಣಕ್ಕೆ ಹಿಂಜರಿಯುತ್ತಿದ್ದಾರೆಯೇ? ಗುದದ್ವಾರದ ಒಳಸ್ನಾಯು ಸಡಿಲಗೊಂಡು ಅರಿವಿಲ್ಲದೆ ಮಲ ಸೋರುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ಹೆಂಗಸರು ಇದನ್ನು ಮಗಳಿಗೂ ಹೇಳುವುದಿಲ್ಲ. ಇದಕ್ಕೆ ವ್ಯಾಯಾಮ, ಚಿಕಿತ್ಸೆ ಎರಡೂ ಇವೆ.

ಹೊಟ್ಟೆ ಬಿಗಿದು, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ‘ಸ್ಕ್ಲೀರೋಡರ್ಮಾ ಇದೆ’ ಎಂದು ಹೇಳಿ. ಅಡ್ಡಿಯೇನೂ ಇಲ್ಲದಿದ್ದರೂ ಕರುಳು ಕಟ್ಟಿಕೊಂಡಂತೆ ನಿಂತುಬಿಡುವುದುಂಟು. ಸಿ.ಟಿ. ಸ್ಕ್ಯಾನ್‌ನಲ್ಲಿ ನಿಜವಾದ ಅಡ್ಡಿ ಕಾಣದಿದ್ದರೆ ಮೂಗಿನ ಕೊಳವೆ, ಡ್ರಿಪ್‌ಗಳಲ್ಲೇ ಸರಿಹೋಗುವ ಸಾಧ್ಯತೆಯಿದೆ. ಆತುರದ ಶಸ್ತ್ರಚಿಕಿತ್ಸೆಯಿಂದ ಹಾನಿಯೇ ಹೆಚ್ಚು.

ಪ್ರಶ್ನೆ: ನನಗೆ 27 ವರ್ಷ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ, ಸ್ಟಿರಾಯ್ಡ್ ತೆಗೆದುಕೊಳ್ಳುತ್ತೇನೆ. ಹೊಟ್ಟೆನೋವು ಬಂದರೆ ಯಾವಾಗ ಹೆದರಬೇಕು?
— ವಾಚಕಿ, ಶಿರಸಿ

ಉತ್ತರ: ಹಠಾತ್ತನೆ ಬಂದು ಕೆಲವು ಗಂಟೆಗಳಲ್ಲಿ ಇಳಿಯದ ನೋವನ್ನು ಎಂದೂ ಕಡೆಗಣಿಸಬೇಡಿ. ಲೂಪಸ್‌ನಲ್ಲಿ ಕರುಳಿನ ರಕ್ತನಾಳಗಳೇ ಉರಿಯೂತಕ್ಕೆ ಒಳಗಾಗಬಹುದು. ಕರುಳು ತೂತಾಗಿದ್ದರೂ ಸ್ಟಿರಾಯ್ಡ್‌ನಿಂದಾಗಿ ಜ್ವರ, ಹೊಟ್ಟೆಯ ಬಿಗಿತ ಕಾಣಿಸದೇ ಇರಬಹುದು. ಬೆಳಗಾಗಲೆಂದು ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ವಾಂತಿಯಲ್ಲಿ ಸ್ಟಿರಾಯ್ಡ್ ಮಾತ್ರೆ ಹೊರಬಿದ್ದಿದ್ದರೆ ಅದನ್ನೂ ತಿಳಿಸಿ. ಆ ಡೋಸನ್ನು ಇಂಜೆಕ್ಷನ್ ರೂಪದಲ್ಲಿ ಕೊಡಬೇಕಾಗುತ್ತದೆ.